ಹಾಯಿದೋಣಿಯಲ್ಲಿ ಗಡಿಯಾರವನ್ನು ಎಲ್ಲಿಡುವುದು?

ಮನೆಯಲ್ಲಿ ಗಡಿಯಾರವನ್ನು ಎಲ್ಲಿ ತೂಗುಹಾಕಬೇಕೆಂಬುದು ದೊಡ್ಡ ಪ್ರಶ್ನೆಯೇನಲ್ಲ. ಗೋಡೆಯಿದೆ, ಮೊಳೆಯಿದೆ, ನಾಲ್ಕು ಮಂದಿಗೆ ಕಾಣುವಂತಿದ್ದರೆ ಆಯಿತು. ಆದರೆ 30 ಅಡಿ ಉದ್ದದ ಹಾಯಿದೋಣಿಯಲ್ಲಿ ಒಬ್ಬನೇ ಮಹಾಸಾಗರಕ್ಕೆ ಹೊರಟವನ ಪಾಲಿಗೆ ಇದೇ ಪ್ರಶ್ನೆ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಗಡಿಯಾರ ಮಾತ್ರವಲ್ಲ, ದಿಕ್ಸೂಚಿ, ಆಳವನ್ನು ಅಳೆಯುವ ಯಂತ್ರ, ರೇಡಿಯೊ, ಅದಕ್ಕೆ ಉಸಿರು ಕೊಡುವ ಬ್ಯಾಟರಿ, ಇವುಗಳಲ್ಲಿ ಪ್ರತಿಯೊಂದಕ್ಕೂ ಅಲ್ಲಿ ಒಂದು ಜಾಗ ಬೇಕು. ದೋಣಿಯೊಳಗೆ ಸರಿಯಾದ ಜಾಗ ಎನ್ನುವಂಥದು ಬಹಳ ಕಡಿಮೆ. ನಾನು ನಾವಿಕನಲ್ಲ. ಆದರೆ ಈ ಉಪಕರಣಗಳನ್ನು ಕೂಡಿಸುವ ವಿಷಯದಲ್ಲಿ ಮನುಷ್ಯಸ್ವಭಾವದ ಕೆಲವು ಗುಟ್ಟುಗಳು ಹೊರಬಿದ್ದಿವೆಯೆಂದು ನನಗೆ ಬಹುಕಾಲದಿಂದ ತೋರಿದೆ. ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ದಿಕ್ಸೂಚಿಯ ಮಾತು. ಒಮ್ಮೆ ಮಲ್ಪೆಯಲ್ಲಿ ಮೀನುಗಾರರ ದೋಣಿಯೊಂದನ್ನು ಹತ್ತುವ ಅವಕಾಶ ನನಗೆ ಒದಗಿತ್ತು. ಕೈಯಲ್ಲಿದ್ದ ಟ್ರಾನ್ಸಿಸ್ಟರನ್ನು ಚುಕ್ಕಾಣಿಯ ಮುಂದಿನ ಹಲಗೆಯ ಮೇಲೆ ಇರಿಸಿದೆ. "ಅದನ್ನು ಅಲ್ಲಿಂದ ತೆಗೀರಿ ಮಾರಾಯ್ರೇ, ನಮಗೆ ಊರಿಗೆ ವಾಪಸ್ ಬರಬೇಕು" ಎಂದರು ತಾಂಡೇಲರು. ಟ್ರಾನ್ಸಿಸ್ಟರಿನ ಧ್ವನಿವರ್ಧಕದಲ್ಲೊಂದು ಆಯಸ್ಕಾಂತವಿರುತ್ತದೆ. ಪಕ್ಕದ ದಿಕ್ಸೂಚಿಯ ಮುಳ್ಳು ಭೂಮಿಯ ಮಾತನ್ನು ಬಿಟ್ಟು ಅದರ ಮಾತನ್ನು ಕೇಳತೊಡಗಿತ್ತು. ಕಬ್ಬಿಣದ ತುಂಡು ಇರಲಿ, ವಿದ್ಯುತ್ತು ಹರಿಯುವ ಬರಿಯ ತಂತಿಯೂ ಮುಳ್ಳನ್ನು ಅಲುಗಿಸಬಲ್ಲುದೆಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿಯೇ ತೋರಿಸಿಕೊಟ್ಟಿದ್ದ. ಆದಕಾರಣವೇ ದೋಣಿಯಲ್ಲಿ ದಿಕ್ಸೂಚಿಯ ದೀಪಕ್ಕೆ ಹೋಗುವ ಮತ್ತು ಬರುವ ತಂತಿಗಳೆರಡನ್ನೂ ಜಡೆಯಂತೆ ಹೆಣೆದು ಒಯ್ಯುತ್ತಾರೆ. ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಹಾಕಲಿ ಎಂಬುದು ಅದರ ಉದ್ದೇಶ. ಇಷ್ಟಾದ ಮೇಲೆ ದಿಕ್ಸೂಚಿಯ ಬಟ್ಟಲಿನ ಗೆರೆ ದೋಣಿಯ ಬೆನ್ನೆಲುಬಿಗೆ ನೇರವಾಗಿ ನಿಲ್ಲಬೇಕು. ಕೂಡಿಸುವಾಗ ಅದು ಒಂದು ಡಿಗ್ರಿಯಷ್ಟು ಓರೆಯಾದರೆ 60 ಮೈಲಿ ಸಾಗುವಷ್ಟರಲ್ಲಿ ದೋಣಿ ಒಂದು ಮೈಲಿ ಬದಿಗೆ ಸರಿದಿರುತ್ತದೆ. ಬಡಗಿಯ ಆ ಚಿಕ್ಕ ತಪ್ಪನ್ನು ಬಂಡೆಗಳು ಕ್ಷಮಿಸುವುದಿಲ್ಲ.

ಉಳಿದವುಗಳಿಗೂ ಹೀಗೆಯೇ ಒಂದೊಂದು ನಿಯಮ. ಆಳವನ್ನು ಅಳೆಯುವ ಯಂತ್ರ ತನ್ನ ಸದ್ದನ್ನು ನೀರಿಗೆ ಬಿಟ್ಟು, ತಳದಿಂದ ಮರಳಿದ ಪ್ರತಿಧ್ವನಿಯನ್ನು ಕೇಳಿ ಲೆಕ್ಕ ಹಾಕುತ್ತದೆ. ಅದರ ಕಿವಿಯನ್ನು ದೋಣಿಯ ತಳದಲ್ಲಿ ನೊರೆ ಹಾಯದ ಕಡೆಗೆ ಕೂಡಿಸಬೇಕು. ಗುಳ್ಳೆಗಳ ಸದ್ದಿನಲ್ಲಿ ಅದು ಕಿವುಡಾಗುತ್ತದೆ. ಬ್ಯಾಟರಿಯನ್ನು ತಗ್ಗಿನಲ್ಲಿಟ್ಟು ಬಿಗಿಯಾಗಿ ಕಟ್ಟಬೇಕು, ಆದರೆ ತಗ್ಗಿನಲ್ಲಿಯೇ ನೀರು ನಿಲ್ಲುವುದು. ಸೀಸದ ಬ್ಯಾಟರಿಯೊಳಗೆ ಉಪ್ಪುನೀರು ಹೊಕ್ಕರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಹೊರಗಿನಿಂದ ಒಳಕ್ಕೆ ಬರುವ ತಂತಿಯನ್ನು ನೇರವಾಗಿ ಯಂತ್ರಕ್ಕೆ ಒಯ್ಯದೆ, ಕೆಳಕ್ಕೊಮ್ಮೆ ಇಳಿಬಿಟ್ಟು ಮತ್ತೆ ಮೇಲಕ್ಕೆತ್ತಬೇಕು. ತಂತಿಯ ಗುಂಟ ಹರಿದುಬಂದ ನೀರು ಆ ಇಳಿಬಿದ್ದ ಕಡೆಯಲ್ಲಿ ತೊಟ್ಟಿಕ್ಕಿ ಹೋಗಲಿ ಎಂದು. ಇದನ್ನೆಲ್ಲ ಮಾಡಿದರೂ ತಾಮ್ರ ಹಸಿರುಗಟ್ಟುತ್ತದೆ, ಬೆಸುಗೆ ಬಿಡುತ್ತದೆ. ಉಪ್ಪಿನ ಗಾಳಿ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬರುತ್ತದೆ.

ಇನ್ನು ಗಡಿಯಾರ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ಸುತ್ತುತ್ತದೆ. ಎಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. ನಾವಿಕನು ಸೆಕ್ಸ್‌ಟಂಟಿನಿಂದ ಸೂರ್ಯನ ಎತ್ತರವನ್ನು ಅಳೆದು, ಆ ಕ್ಷಣದ ಗ್ರೀನಿಚ್ ವೇಳೆಯನ್ನು ಗಡಿಯಾರದಿಂದ ಓದಿ, ಕೋಷ್ಟಕಗಳನ್ನು ತಿರುವಿಹಾಕಿ ತಾನಿರುವ ಜಾಗವನ್ನು ಕಂಡುಕೊಳ್ಳುತ್ತಾನೆ. ಗಡಿಯಾರ 4 ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಲೆಕ್ಕ ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರು ತಪ್ಪುತ್ತದೆ. ಒಂದು ನಿಮಿಷ ತಪ್ಪಿದರೆ 15 ಮೈಲಿ. ಹಾಗಾಗಿಯೇ ಹಡಗಿನ ಗಡಿಯಾರವನ್ನು ಒಂದರೊಳಗೊಂದು ತಿರುಗುವ ಹಿತ್ತಾಳೆಯ ಬಳೆಗಳಲ್ಲಿ ತೂಗುಬಿಟ್ಟು, ಹಡಗು ಹೇಗೆ ಹೊರಳಿದರೂ ಅದರ ಮುಖ ಆಕಾಶವನ್ನೇ ನೋಡುವಂತೆ ಮಾಡುತ್ತಿದ್ದರು. ದೊಡ್ಡ ಹಡಗಿನ ನಡುಭಾಗದಲ್ಲಿ ಅದು ತೊಟ್ಟಿಲ ಮಗುವಿನಂತೆ ಇರಬಲ್ಲುದು. ಚಿಕ್ಕ ದೋಣಿಯಲ್ಲಿ ನಡುವೂ ಇಲ್ಲ, ತೊಟ್ಟಿಲೂ ಇಲ್ಲ.

ಜೋಷುವಾ ಸ್ಲೋಕಮ್ ಈ ತೊಡಕನ್ನು ತನ್ನದೇ ರೀತಿಯಲ್ಲಿ ಬಿಡಿಸಿಕೊಂಡ. 1895ರ ಏಪ್ರಿಲಿನಲ್ಲಿ ಅಮೆರಿಕದ ಬಾಸ್ಟನ್ನಿನಿಂದ 'ಸ್ಪ್ರೇ' ಎಂಬ ದೋಣಿಯಲ್ಲಿ ಹೊರಟು, 1898ರ ಜೂನಿನಲ್ಲಿ ಮರಳಿ, ಒಬ್ಬಂಟಿಯಾಗಿ ಜಗತ್ತನ್ನು ಸುತ್ತಿದ ಮೊದಲಿಗನಾದವನು ಇವನೇ. ತನ್ನ ಹಳೆಯ ಕ್ರಾನೋಮೀಟರನ್ನು ಶುಚಿಮಾಡಿಸಲು 15 ಡಾಲರು ಕೇಳಿದರೆಂದು ಅದನ್ನು ಮನೆಯಲ್ಲಿಯೇ ಬಿಟ್ಟು, ದಾರಿಯಲ್ಲಿ ಒಂದು ತಗಡಿನ ಗಡಿಯಾರವನ್ನು ಕೊಂಡ. ಬೆಲೆ ಒಂದೂವರೆ ಡಾಲರು; ಮುಖ ಒಡೆದಿದ್ದುದರಿಂದ ಒಂದು ಡಾಲರಿಗೆ ಸಿಕ್ಕಿತು. ಮುಂದೆ ಅದರ ನಿಮಿಷದ ಮುಳ್ಳು ಕಳೆದುಹೋಯಿತು. ಗಡಿಯಾರ ನಿಂತಾಗ ಅದನ್ನು ನೀರಿನಲ್ಲಿ ಕುದಿಸಿ ಮತ್ತೆ ನಡೆಸಿದೆನೆಂದು ಅವನೇ ಬರೆದಿದ್ದಾನೆ. ಆದರೆ ಈ ವಿನೋದದ ಹಿಂದೆ ಒಬ್ಬ ಪಳಗಿದ ಕಪ್ತಾನನಿದ್ದ. ಚಂದ್ರನಿಗೂ ಇತರ ಜ್ಯೋತಿಗಳಿಗೂ ಇರುವ ಅಂತರವನ್ನು ಅಳೆದು, ಗಡಿಯಾರದ ಹಂಗಿಲ್ಲದೆ ವೇಳೆಯನ್ನು ತಿಳಿಯುವ ಹಳೆಯ ವಿದ್ಯೆ ಅವನಿಗೆ ಕರತಲಾಮಲಕವಾಗಿತ್ತು. ಅವನ ಗಡಿಯಾರ ತಲೆಯೊಳಗೆ ಇದ್ದಿತೆನ್ನಬೇಕು.

ವರ್ಸ್ಲಿಯ ಕಥೆ ಇನ್ನೂ ಬಿಗಿಯಾದದ್ದು. ದಕ್ಷಿಣ ಧ್ರುವದ ಹಿಮದಲ್ಲಿ ಹಡಗನ್ನು ಕಳೆದುಕೊಂಡ ಶ್ಯಾಕಲ್ಟನ್, 1916ರ ಏಪ್ರಿಲ್ 24ರಂದು 22 ಅಡಿಯ ತೆರೆದ ದೋಣಿಗೆ ಕ್ಯಾನ್ವಾಸಿನ ಮುಚ್ಚಳ ಹೊದಿಸಿ, ಐವರೊಡನೆ ಸೌತ್ ಜಾರ್ಜಿಯಾ ದ್ವೀಪದತ್ತ ಹೊರಟ. ದೂರ ಸುಮಾರು 800 ಮೈಲಿ. ಹಡಗಿನೊಂದಿಗೆ ಬಂದಿದ್ದ 24 ಗಡಿಯಾರಗಳಲ್ಲಿ ಚೆನ್ನಾಗಿ ಉಳಿದಿದ್ದುದು ಒಂದೇ. ಮಾರ್ಗದರ್ಶಿಯಾದ ವರ್ಸ್ಲಿ ಸೆಕ್ಸ್‌ಟಂಟನ್ನು ಕಣ್ಣಿಗೆ ಹಿಡಿದಾಗ ಸಂಗಾತಿಗಳು ಅವನನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುತ್ತಿದ್ದರು. ಅಲೆಯ ತುದಿಗೆ ದೋಣಿ ಏರಿದಾಗ, ಮೋಡದ ಸಂದಿನಲ್ಲಿ ಸೂರ್ಯ ಇಣುಕಿದರೆ ಒಂದು ಅಳತೆ. ಇಡೀ ಪ್ರಯಾಣದಲ್ಲಿ ಅವನಿಗೆ ದೊರೆತುದು ಇಂಥ 4 ಅಳತೆಗಳು ಮಾತ್ರ. ಮೇ 10ರಂದು ಅವರು ದಡ ಮುಟ್ಟಿದರು. ಉಪಕರಣವನ್ನು ಕೂಡಿಸಲು ಮನುಷ್ಯರ ತೋಳುಗಳಿಗಿಂತ ಉತ್ತಮವಾದ ಬಳೆಗಳು ಆ ದೋಣಿಯಲ್ಲಿ ಇರಲಿಲ್ಲ.

ಇಲ್ಲಿಯವರೆಗೆ ಉಪಕರಣಗಳು ನಾವಿಕನೊಬ್ಬನಿಗೇ ಮಾತು ಹೇಳುತ್ತಿದ್ದವು. ರೇಡಿಯೊ ಬಂದ ಮೇಲೆ ದಡದ ಮೇಲಿನವರೂ ಕೇಳುವಂತಾಯಿತು. ನನ್ನ ಕಥೆಯ ಮುಖ್ಯ ಭಾಗ ಇರುವುದು ಇಲ್ಲಿ.

1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಒಂದು ಸ್ಪರ್ಧೆಯನ್ನು ಸಾರಿತು: ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಭೂಮಿಯನ್ನು ಸುತ್ತಿ ಬರಬೇಕು. ಮೊದಲು ಬಂದವನಿಗೆ ಬಂಗಾರದ ಗೋಲ, ಅತಿ ಶೀಘ್ರವಾಗಿ ಬಂದವನಿಗೆ 5000 ಪೌಂಡು. ಹೊರಟವರು ಒಂಬತ್ತು ಮಂದಿ. ಮೂವರ ದೋಣಿಗಳೊಳಕ್ಕೆ ಇಣುಕಿದರೆ ನಮಗೆ ಸಾಕು.

ಮೊದಲನೆಯದು 'ಸುಹೈಲಿ'. 32 ಅಡಿಯ ಈ ತೇಗದ ದೋಣಿ ನಮ್ಮ ಮುಂಬಯಿಯಲ್ಲಿ, ನಮ್ಮ ಬಡಗಿಗಳ ಬಾಚಿಯಿಂದ ರೂಪುಗೊಂಡು 1964ರಲ್ಲಿ ನೀರಿಗಿಳಿದದ್ದು. ಅದರ ಒಡೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್ ಆಗ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ. ಅರಬ್ಬೀ ನಾವಿಕರು ಆಗ್ನೇಯದ ಗಾಳಿಗೆ ಕೊಟ್ಟ ಹೆಸರನ್ನೇ ದೋಣಿಗಿಟ್ಟ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ತಿನಿಂದ ಹೊರಟವನಿಗೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಸಾಗರದ ಅಲೆಯೊಂದು ದೋಣಿಯನ್ನು ಅಡ್ಡಕೆಡವಿ ಕೋಣೆಯ ಕೀಲುಗಳನ್ನೇ ಸಡಿಲಿಸಿತು. ಮಾತನಾಡುವ ರೇಡಿಯೊ ಕೆಲವೇ ತಿಂಗಳಲ್ಲಿ ಕೆಟ್ಟಿತು, ಕೇಳುವ ರೇಡಿಯೊ ಉಳಿಯಿತು. ಇದು ವಿಚಿತ್ರವಾದ ಸ್ಥಿತಿ. ಆ ಕ್ರಿಸ್‌ಮಸ್ಸಿನಲ್ಲಿ ಅಪೊಲೊ 8 ನೌಕೆಯ ಮೂವರು ಚಂದ್ರನನ್ನು ಸುತ್ತುತ್ತಿರುವ ವಾರ್ತೆಯನ್ನು ಅವನು ಕೇಳಿದ. ಆದರೆ ತಾನು ಬದುಕಿದ್ದೇನೆಂದು ತಾಯಿಗೆ ತಿಳಿಸಲಾರದೆ ಹೋದ. ನವೆಂಬರಿನಲ್ಲಿ ನ್ಯೂಜಿಲೆಂಡಿನ ಕರಾವಳಿಯಲ್ಲಿ ಕಂಡವನು ಮತ್ತೆ ಯಾರ ಕಣ್ಣಿಗೂ ಬಿದ್ದದ್ದು 1969ರ ಏಪ್ರಿಲಿನಲ್ಲಿ, ಅಟ್ಲಾಂಟಿಕ್ಕಿನ ತೈಲದ ಹಡಗೊಂದಕ್ಕೆ. ಈ ನಡುವಣ ನಾಲ್ಕೂವರೆ ತಿಂಗಳು ಅವನು ಎಲ್ಲಿರುವನೆಂಬುದು ಅವನಿಗೆ ಗೊತ್ತು, ಸೆಕ್ಸ್‌ಟಂಟಿಗೆ ಗೊತ್ತು, ದಿನಚರಿಗೆ ಗೊತ್ತು, ಜಗತ್ತಿಗೆ ಗೊತ್ತಿಲ್ಲ. 312 ದಿನಗಳ ನಂತರ, ಏಪ್ರಿಲ್ 22ರಂದು, ಹೊರಟ ಬಂದರಕ್ಕೇ ಮರಳಿದ. ಒಂಬತ್ತು ಮಂದಿಯಲ್ಲಿ ಸ್ಪರ್ಧೆಯನ್ನು ಮುಗಿಸಿದವನು ಅವನೊಬ್ಬನೇ.

ಎರಡನೆಯದು ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆಯ ಉಕ್ಕಿನ ದೋಣಿ. ಸ್ಲೋಕಮ್‌ನ ಮೇಲಿನ ಭಕ್ತಿಯಿಂದ ಅದಕ್ಕೆ 'ಜೋಷುವಾ' ಎಂದು ಹೆಸರಿಟ್ಟಿದ್ದ. ಪತ್ರಿಕೆಯವರು ಉಚಿತವಾಗಿ ಕೊಡಹೋದ ರೇಡಿಯೊವನ್ನು ಈತ ಬೇಡವೆಂದ. ಕೂಡಿಸುವ ಪ್ರಶ್ನೆಯೇ ಬರಲಿಲ್ಲ! ಅದರ ಬದಲು ಒಂದು ಕವಣೆಯನ್ನಿಟ್ಟುಕೊಂಡ. ಹಡಗು ಎದುರಾದರೆ ಫಿಲ್ಮಿನ ಡಬ್ಬಿಯೊಳಗೆ ಚೀಟಿಯನ್ನಿಟ್ಟು ಅದರ ಅಟ್ಟದ ಮೇಲಕ್ಕೆ ಬೀಸುತ್ತಿದ್ದ. ನಮ್ಮ ಹೊಲಗಳಲ್ಲಿ ಗಿಳಿಗಳನ್ನು ಓಡಿಸುವವರ ವಿದ್ಯೆ ಹೀಗೆ ಸಾಗರದ ಅಂಚೆಯಾಯಿತು. ಗೆಲ್ಲುವ ಹಾದಿಯಲ್ಲಿದ್ದವನು 1969ರ ಮಾರ್ಚಿನಲ್ಲಿ, ತಾನು ಯುರೋಪಿಗೆ ಮರಳುವುದಿಲ್ಲವೆಂಬ ಚೀಟಿಯನ್ನು ಕೇಪ್‌ಟೌನಿನ ಬಳಿ ಇದೇ ರೀತಿ ಬೀಸಿ, ಪೂರ್ವಕ್ಕೆ ಹೊರಳಿ ತಾಹಿತಿಗೆ ಹೊರಟುಹೋದ. ಅವನ ನಿರ್ಧಾರವನ್ನು ಮೆಚ್ಚುವವರು ಬಹಳ. ದಡದಲ್ಲಿ ಕಾಯುತ್ತಿದ್ದ ಹೆಂಡತಿಯ ಕಡೆಯಿಂದ ನೋಡಿದರೆ ಅಷ್ಟು ಸುಲಭವಾಗಿ ಮೆಚ್ಚಲಾರೆ.

ಮೂರನೆಯ ದೋಣಿಗೆ ಹೋಗುವ ಮುನ್ನ ನಿಮ್ಮನ್ನು ಐವತ್ತು ವರ್ಷ ಮುಂದಕ್ಕೆ ಕರೆದೊಯ್ಯುತ್ತೇನೆ; ಏಕೆಂದರೆ ಅದರ ಕಥೆಯನ್ನು ಹೇಳಿದ ಮೇಲೆ ಬೇರೆ ಮಾತು ನನಗೆ ಹೊರಡುವುದಿಲ್ಲ. 1968ರ ಸ್ಪರ್ಧೆಯ ನೆನಪಿಗೆಂದು 2018ರಲ್ಲಿ ಮತ್ತೊಂದು ಓಟ ನಡೆಯಿತು. ಆ ಹೊತ್ತಿಗೆ ಉಪಗ್ರಹಗಳ ಜಿಪಿಎಸ್ ವ್ಯವಸ್ಥೆ ಬಂದು, ಒಂದು ಗುಂಡಿಯನ್ನು ಒತ್ತಿದರೆ ಯಾವ ಕೂಸಿಗೂ ತನ್ನ ಅಕ್ಷಾಂಶ ರೇಖಾಂಶಗಳು ತಿಳಿಯುವ ಕಾಲವಾಗಿತ್ತು. ಆದರೆ ಸ್ಪರ್ಧೆಯ ನಿಯಮದಂತೆ ಸೆಕ್ಸ್‌ಟಂಟು, ಗಡಿಯಾರ, ಕಾಗದದ ನಕ್ಷೆಗಳಷ್ಟೇ ಬಳಕೆಗೆ. ಜಿಪಿಎಸ್ ಯಂತ್ರ ಆಪತ್ಕಾಲಕ್ಕೆಂದು ಮೊಹರು ಹಾಕಿದ ಪೆಟ್ಟಿಗೆಯಲ್ಲಿ. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ, ಗೋವೆಯಲ್ಲಿ ಸುಹೈಲಿಯ ಮಾದರಿಯಲ್ಲಿಯೇ ಕಟ್ಟಿದ 'ತುರಿಯಾ' ದೋಣಿಯಲ್ಲಿ ಹೊರಟಿದ್ದರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಮಗುಚಿ ಎದ್ದಿತು, ಕೂವೆಮರಗಳು ಮುರಿದವು. ಮುಂದೆ ಅವರೇ ಹೇಳಿಕೊಂಡಂತೆ, ಕೈಗಡಿಯಾರದ ಪಟ್ಟಿ ಮೇಲೆಲ್ಲಿಯೋ ಸಿಕ್ಕಿಕೊಂಡು ಒಂದು ಕ್ಷಣ ಅದರಿಂದಲೇ ನೇತಾಡಿ, ಪಟ್ಟಿ ಹರಿದು ಕೆಳಗೆ ಬಿದ್ದರು. ಬೆನ್ನಿನ ಮೂಳೆ ಮುರಿಯಿತು. ಗಡಿಯಾರವನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ಇಂಥ ಉತ್ತರವನ್ನು ಯಾವ ಗ್ರಂಥವೂ ಊಹಿಸಿರಲಾರದು. ನಡೆಯಲಾರದೆ ಮಲಗಿದಲ್ಲಿಂದಲೇ, ಉಪಗ್ರಹದ ಮೂಲಕ ಕಿರುಸಂದೇಶ ಕಳಿಸುವ ಅಂಗೈಯಗಲದ ಯಂತ್ರದಿಂದ ತಮ್ಮ ಸ್ಥಿತಿಯನ್ನು ತಿಳಿಸಿದರು. ನಮ್ಮ ನೌಕಾಪಡೆಯ ವಿಮಾನ ದೋಣಿಯನ್ನು ಕಂಡುಹಿಡಿಯಿತು, ಫ್ರಾನ್ಸಿನ 'ಓಸಿರಿಸ್' ನೌಕೆ ಸೆಪ್ಟೆಂಬರ್ 24ರಂದು ಅವರನ್ನು ಎತ್ತಿಕೊಂಡಿತು. ಇದೇ ಅಭಿಲಾಷ್ 2022ರಲ್ಲಿ ಮತ್ತೆ ಅದೇ ಸ್ಪರ್ಧೆಗೆ ಹೊರಟು, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಸೇರಿದರು. ಅವರ ಉಪಕರಣಗಳೆಲ್ಲ ನಿಜವನ್ನೇ ನುಡಿದಿದ್ದವು. ಅದನ್ನು ದಡ ನಂಬಿತು.

ಈಗ ಮೂರನೆಯ ದೋಣಿ. ಅದರ ಹೆಸರು 'ಟೈನ್‌ಮತ್ ಎಲೆಕ್ಟ್ರಾನ್', ಅದರ ಒಡೆಯ ಡೊನಾಲ್ಡ್ ಕ್ರೌಹರ್ಸ್ಟ್. ಈತ ಹುಟ್ಟಿದ್ದು ನಮ್ಮ ಗಾಜಿಯಾಬಾದಿನಲ್ಲಿ, 1932ರಲ್ಲಿ; ತಂದೆ ರೈಲ್ವೆಯಲ್ಲಿದ್ದವರು. 1947ರಲ್ಲಿ ಸಂಸಾರ ಇಂಗ್ಲೆಂಡಿಗೆ ಮರಳಿತು. ಡೊನಾಲ್ಡ್ ಬೆಳೆದು ಎಲೆಕ್ಟ್ರಾನಿಕ್ಸ್ ತಜ್ಞನಾದ. ರೇಡಿಯೊ ಕೇಂದ್ರಗಳ ದಿಕ್ಕನ್ನು ಹಿಡಿದು ದೋಣಿಯವರಿಗೆ ದಾರಿ ತೋರುವ ಕೈಯಂತ್ರವೊಂದನ್ನು ರೂಪಿಸಿ ಮಾರುತ್ತಿದ್ದ. ವ್ಯಾಪಾರ ಕುಸಿಯುತ್ತಿತ್ತು. ಸ್ಪರ್ಧೆಯಲ್ಲಿ ಗೆದ್ದರೆ ಅವನ ಯಂತ್ರಗಳಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಇನ್ನೇನಿದೆ? ದೋಣಿಯ ಸಾಲಕ್ಕೆ ಮನೆಯನ್ನೇ ಒತ್ತೆಯಿಟ್ಟ.

ಅವನ ದೋಣಿ ಮೂರು ಒಡಲುಗಳದು. ವೇಗ ಹೆಚ್ಚು, ಆದರೆ ಮಗುಚಿದರೆ ಮತ್ತೆ ಏಳದು. ಅದಕ್ಕೊಂದು ಉಪಾಯವನ್ನು ಕಂಡುಹಿಡಿದಿದ್ದ. ಕೂವೆಮರದ ತುದಿಯಲ್ಲಿ ಒಂದು ಗಾಳಿಚೀಲ. ದೋಣಿ ಹೊರಳಿದೊಡನೆ ಅದನ್ನು ತಿಳಿದು ಚೀಲವನ್ನು ಉಬ್ಬಿಸುವ ಒಂದು ಗಣಕಯಂತ್ರ. ಆ ಯಂತ್ರಕ್ಕಾಗಿ ದೋಣಿಯ ಮೂಲೆಮೂಲೆಗಳಿಂದ ಬಣ್ಣಬಣ್ಣದ ತಂತಿಗಳನ್ನು ಎಳೆಸಿದ. ಅವು ಅಚ್ಚುಕಟ್ಟಾಗಿ ಕಟ್ಟು ಕಟ್ಟಾಗಿ ಕೋಣೆಗೆ ಬಂದು, ಆಸನದ ಕೆಳಗೆ ಸೇರಿದ್ದವು. ಅಲ್ಲಿ ಯಂತ್ರವಿರಲಿಲ್ಲ. ಅದನ್ನು ಕಟ್ಟಲು ವೇಳೆಯೇ ಸಿಕ್ಕಿರಲಿಲ್ಲ. ಸ್ಪರ್ಧೆಯ ನಿಯಮದ ಕಡೆಯ ದಿನವಾದ 1968ರ ಅಕ್ಟೋಬರ್ 31ರಂದು, ಎಲ್ಲಿಗೂ ಮುಟ್ಟದ ಆ ತಂತಿಗಳನ್ನು ಹೊತ್ತು ಅವನು ಹೊರಟ.

ಈ ಚಿತ್ರವನ್ನು ಮೊದಲು ಓದಿದಂದಿನಿಂದ ನನ್ನ ಮನಸ್ಸು ಅದನ್ನು ಬಿಟ್ಟಿಲ್ಲ. ಅವನು ಮೋಸಗಾರನಾಗಿ ಹೊರಟವನಲ್ಲ. ಜಾಣನಾಗಿದ್ದ, ಮಕ್ಕಳೊಂದಿಗನಾಗಿದ್ದ, ಮುಂದಿನ ವಾರ ಎಲ್ಲವನ್ನೂ ಸರಿಪಡಿಸಬಲ್ಲೆನೆಂದು ನಂಬಿದ್ದ. ಕೆಲವೇ ದಿನಗಳಲ್ಲಿ ಮುಚ್ಚಳವೊಂದು ಸೋರಿ ಉಪ್ಪುನೀರು ವಿದ್ಯುತ್ ಜನಕವನ್ನು ಹೊಕ್ಕಿತು. ನವೆಂಬರಿನಲ್ಲಿ ಅವನು ದಿನಚರಿಯಲ್ಲಿ ದೋಣಿಯ ದೋಷಗಳನ್ನೆಲ್ಲ ನಿಷ್ಠುರವಾಗಿ ಪಟ್ಟಿಮಾಡಿ, ದಕ್ಷಿಣ ಸಾಗರಕ್ಕಿಳಿದರೆ ಬದುಕುವ ಸಂಭವ ಅರ್ಧಕ್ಕರ್ಧವೆಂದು ಲೆಕ್ಕ ಹಾಕಿದ. ಮುಂದೆ ಹೋದರೆ ಸಾವು, ಹಿಂದಿರುಗಿದರೆ ದಿವಾಳಿ. ಡಿಸೆಂಬರಿನಲ್ಲಿ ಅವನ ರೇಡಿಯೊ ದಡಕ್ಕೊಂದು ಸಂತೋಷದ ವಾರ್ತೆಯನ್ನು ಕಳಿಸಿತು: ಒಂದೇ ದಿನದಲ್ಲಿ 243 ಮೈಲಿ! ಪತ್ರಿಕೆಗಳು ಕೊಂಡಾಡಿದವು. ಅದು ಸುಳ್ಳಾಗಿತ್ತು.

ಅಲ್ಲಿಂದ ಮುಂದೆ ಎರಡು ಲೆಕ್ಕಗಳು. ಒಂದರಲ್ಲಿ ದೋಣಿ ನಿಜವಾಗಿ ಇದ್ದ ಜಾಗ, ಅಂದರೆ ಅಟ್ಲಾಂಟಿಕ್ಕಿನಲ್ಲಿ ಗೊತ್ತುಗುರಿಯಿಲ್ಲದ ಸುತ್ತಾಟ; ಇನ್ನೊಂದರಲ್ಲಿ ಜಗತ್ತು ನಂಬಬೇಕಾದ ಜಾಗ. ನಿಜವಾದ ಅಳತೆ ಸುಲಭ: ಸೂರ್ಯನನ್ನು ಅಳೆದು ಜಾಗವನ್ನು ಕಾಣಬಹುದು. ಸುಳ್ಳಿನ ಅಳತೆಗೆ ಮೊದಲು ಜಾಗವನ್ನು ಕಲ್ಪಿಸಿ, ಅಲ್ಲಿ ಆ ಹೊತ್ತಿಗೆ ಸೂರ್ಯ ಎಷ್ಟು ಎತ್ತರದಲ್ಲಿರಬೇಕೆಂದು ಹಿಮ್ಮುಖವಾಗಿ ಗಣಿಸಬೇಕು. ಪ್ರಾಮಾಣಿಕನಿಗಿಂತ ಹೆಚ್ಚಿನ ಪಾಂಡಿತ್ಯ ಅದಕ್ಕೆ ಬೇಕು, ಅದು ಅವನಲ್ಲಿತ್ತು. ರೇಡಿಯೊದ ದಿಕ್ಕಿನಿಂದ ಗುಟ್ಟು ರಟ್ಟಾದೀತೆಂದು ಜನವರಿಯಿಂದ ಮೌನವಾದ. ಮಾರ್ಚಿನಲ್ಲಿ ಸೀಳಿದ ಒಡಲಿನ ದುರಸ್ತಿಗೆಂದು ಗುಟ್ಟಾಗಿ ಅರ್ಜೆಂಟೀನಾದ ದಡಕ್ಕೂ ಹೋಗಿಬಂದ. ನಾಕ್ಸ್-ಜಾನ್‌ಸ್ಟನ್ನನ ಮೌನ ಕೆಟ್ಟ ಯಂತ್ರದ ಮೌನ. ಇವನದು ಸರಿಯಿದ್ದ ಯಂತ್ರದ ಮೌನ.

ಎರಡನೆಯವನಾಗಿ ತೆಪ್ಪಗೆ ಬಂದು ಸೇರಿದರೆ ಅವನ ದಿನಚರಿಯನ್ನು ಯಾರೂ ಕೆದಕುತ್ತಿರಲಿಲ್ಲ. ಆದರೆ ಮುಂದಿದ್ದ ಟೆಟ್ಲಿ, ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾನೆಂಬ ವಾರ್ತೆಯನ್ನು ನಂಬಿ, ಸೋತ ದೋಣಿಯನ್ನು ಓಡಿಸಲು ಹೋಗಿ 1969ರ ಮೇ ತಿಂಗಳಿನಲ್ಲಿ ಅದನ್ನು ಮುಳುಗಿಸಿಕೊಂಡ. ಅವನು ಬದುಕಿದ, ಆದರೆ ಅತಿ ಶೀಘ್ರದ ಬಹುಮಾನ ಈಗ ಕ್ರೌಹರ್ಸ್ಟನಿಗೇ ಎಂದಾಯಿತು. ಗೆದ್ದವನ ಲೆಕ್ಕವನ್ನು ಎಲ್ಲರೂ ನೋಡುವರು. ಜೂನಿನಲ್ಲಿ ಮಾತನಾಡುವ ರೇಡಿಯೊ ನಿಜವಾಗಿಯೇ ಕೆಟ್ಟಿತು. ಬಿಸಿಲಿನಿಂದ ಕುದಿಯುವ ಕೋಣೆಯಲ್ಲಿ ಬೆಸುಗೆಯ ಕಡ್ಡಿಯನ್ನು ಹಿಡಿದು ದಿನಗಟ್ಟಲೆ ಕುಳಿತು, ಮೋರ್ಸ್ ಸಂಕೇತಗಳನ್ನಾದರೂ ಕಳಿಸುವಂತೆ ಅದನ್ನು ಎಬ್ಬಿಸಿದ. ಅದು ನಿಜಕ್ಕೂ ಮೇಲ್ಮಟ್ಟದ ಕೆಲಸ. ಅವನಿಗೆ ಬರುತ್ತಿದ್ದುದು ಅದೇ ಆಗಿತ್ತು. ಬಳಿಕ ದಿನಚರಿ ತುಂಬ ಕಾಲ, ದೇವರು, ಗಣಿತಗಳ ಕುರಿತು ಸಾವಿರಾರು ಪದಗಳ ಬರಹ. ಕಡೆಯ ಪುಟಗಳಲ್ಲಿ ಮಾತಿನ ಪಕ್ಕದಲ್ಲಿ ಗಂಟೆ, ನಿಮಿಷ, ಸೆಕೆಂಡುಗಳ ನಮೂದು. ಜುಲೈ 1ರಂದು ಬರಹ ನಿಲ್ಲುತ್ತದೆ.

ಜುಲೈ 10ರಂದು 'ಪಿಕಾರ್ಡಿ' ಎಂಬ ಅಂಚೆಯ ಹಡಗು ನಡು ಅಟ್ಲಾಂಟಿಕ್ಕಿನಲ್ಲಿ ಆ ದೋಣಿಯನ್ನು ಕಂಡಿತು. ಒಳಗೆ ಯಾರೂ ಇರಲಿಲ್ಲ. ನಿಜದ ಲೆಕ್ಕವಿದ್ದ ಪುಸ್ತಕಗಳನ್ನು ಕಾಣುವಂತೆ ಇರಿಸಲಾಗಿತ್ತು. ಸುಳ್ಳು ಹೊರಬಿದ್ದ ಮೇಲೆ ಆ 5000 ಪೌಂಡು ನಾಕ್ಸ್-ಜಾನ್‌ಸ್ಟನ್ನನಿಗೆ ಸಂದಿತು; ಆತ ಅದಷ್ಟನ್ನೂ ಕ್ರೌಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟ. ದೋಣಿಯನ್ನು ಪರೀಕ್ಷಿಸಿದವರಿಗೆ ಬಿಚ್ಚಿಟ್ಟ ರೇಡಿಯೊದ ಭಾಗಗಳು, ತೊಳೆಯದ ಪಾತ್ರೆಗಳು, ಆಸನದ ಕೆಳಗಿನ ಬಣ್ಣದ ತಂತಿಗಳು ಎಲ್ಲವೂ ದೊರೆತವು. ಒಂದು ವಸ್ತು ಮಾತ್ರ ಇರಲಿಲ್ಲ. ಹಿತ್ತಾಳೆಯ ಕ್ರಾನೋಮೀಟರು ಇದ್ದ ಜಾಗ ಬರಿದಾಗಿತ್ತು. ಅಲೆಯ ಹೊಡೆತಕ್ಕೆ ಕಿತ್ತುಹೋದದ್ದಲ್ಲ ಅದು. ಹಲಗೆಗೆ ಕೂಡಿಸಿದ್ದ ತಿರುಪುಗಳನ್ನು ಒಂದೊಂದಾಗಿ, ಜೋಪಾನವಾಗಿ ಬಿಚ್ಚಿದ್ದರು.